ಇಳಿಯುವಾಗ ಮುಗ್ಗರಿಸುವ ಸಿಮ್ಯುಲೇಟರ್: ಗ್ರಾಫಿಕ್ಸ್ ಕಾರ್ಡಿಗೆ ಮುನ್ನ ಪ್ರೊಸೆಸರ್ ಬದಲಿಸಿದ ಪ್ರಕರಣ

ಪ್ರಶ್ನೆ ಒಂದೇ ಸಾಲಿನದು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಏರ್‌ಬಸ್ ಎ320 ವಿಮಾನವನ್ನು ದೊಡ್ಡ ನಿಲ್ದಾಣಕ್ಕೆ ಇಳಿಸುವಾಗ ಚಿತ್ರ ಮುಗ್ಗರಿಸುತ್ತದೆ. ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಸರಿಹೋದೀತು? ಕಾರ್ಡೇ ಬೇಕು ಎಂಬ ತೀರ್ಮಾನ ಪ್ರಶ್ನೆಯೊಳಗೇ ಕೂತಿದೆ. ಈ ಪ್ರಕರಣದಲ್ಲಿ ಅದು ತಪ್ಪು ತೀರ್ಮಾನ.

ಪ್ರಕರಣವನ್ನು ಮಾದರಿಯಾಗಿ ಕಟ್ಟಿಕೊಟ್ಟಿದೆ. ಯಂತ್ರ ಈಗಲೂ ಬಹಳ ಮೇಜುಗಳ ಮೇಲಿರುವ ವರ್ಗದ್ದು. ಫ್ರೇಮ್ ಅಳತೆಯ ಅಂಕಿಗಳು ಆ ವರ್ಗದಲ್ಲಿ ನಿರೀಕ್ಷಿಸಬಹುದಾದಂಥವು, ದುಂಡಗಾಗಿಸಿದವು. ಬೇರೆ ಯಂತ್ರದಲ್ಲಿ ಅಂಕಿ ಬೇರೆ ಬರುತ್ತದೆ, ಓದುವ ರೀತಿ ಮಾತ್ರ ಇದೇ.

ಇದ್ದ ಯಂತ್ರ

ರೈಜೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಕಡ್ಡಿಗಳು, 8 ಜಿಬಿ ವಿಡಿಯೊ ಮೆಮೊರಿಯ ಆರ್‌ಟಿಎಕ್ಸ್ 2070, 1 ಟಿಬಿ ಸಾಟಾ ಎಸ್‌ಎಸ್‌ಡಿ, 550 ವ್ಯಾಟ್ ಪವರ್ ಸಪ್ಲೈ. ಮಾನಿಟರ್ 2560×1440 ರೆಸಲ್ಯೂಶನ್ನಿನ, 60 ಹರ್ಟ್ಸ್‌ನದು. ವಿಮಾನ ನಡೆಸುವ ಸಾಧನಗಳಾದ ಯೋಕ್ (ಸ್ಟೀರಿಂಗ್), ಥ್ರಾಟಲ್, ರಡರ್ ಪೆಡಲ್ ಮೂರನ್ನೂ ಅಡಾಪ್ಟರ್ ಇಲ್ಲದ ಒಂದೇ ಯುಎಸ್‌ಬಿ ಹಬ್ಬಿಗೆ ಸಿಕ್ಕಿಸಲಾಗಿದೆ. ಸದ್ಯ ಆಡುತ್ತಿರುವುದು 2020ರ ಆವೃತ್ತಿ, ಮುಂದೆ 2024ರದಕ್ಕೆ ಹೋಗುವ ಯೋಚನೆ.

2024ರ ಆವೃತ್ತಿಗೆ ತಯಾರಕರು ಪ್ರಕಟಿಸಿದ ಶಿಫಾರಸು ಪಟ್ಟಿಯಲ್ಲಿ 32 ಜಿಬಿ ರ‍್ಯಾಮ್, 8 ಜಿಬಿ ವಿಡಿಯೊ ಮೆಮೊರಿ, 50 ಎಂಬಿಪಿಎಸ್ ಇಂಟರ್ನೆಟ್ ಇದೆ. ಅದಕ್ಕೂ ಮೇಲಿನ ಆದರ್ಶ ಪಟ್ಟಿಯಲ್ಲಿ 64 ಜಿಬಿ, 12 ಜಿಬಿ, 100 ಎಂಬಿಪಿಎಸ್. ಇಂಥ ಪಟ್ಟಿಗಳು ದಿಕ್ಕು ತೋರಿಸಲು ಸಾಕು, ಖರೀದಿ ನಿರ್ಧರಿಸಲು ಸಾಲವು. ಹಳ್ಳಿಗಾಡಿನ ಮೇಲೆ ಸೆಸ್ನಾ 172 ಹಾರಿಸುವವರಿಗೂ, ನೂರಾರು ವಿಮಾನಗಳು ನಿಂತಿರುವ ನಿಲ್ದಾಣಕ್ಕೆ ಜೆಟ್ ಇಳಿಸುವವರಿಗೂ ಅವು ಒಂದೇ ಉತ್ತರ ಕೊಡುತ್ತವೆ. ಈ ಬಳಕೆದಾರರದೇ ಮಾತು: ಸಣ್ಣ ವಿಮಾನದಲ್ಲಿ ಏನೂ ತೊಂದರೆಯಿಲ್ಲ, ಇಳಿಯುವ ಕೊನೆಯ ನಾಲ್ಕು ನಿಮಿಷದಲ್ಲೇ ಎಲ್ಲ ಕೆಡುತ್ತದೆ. ಹಾಗಾದರೆ ಅಳೆಯಬೇಕಾದ್ದೂ ಆ ನಾಲ್ಕು ನಿಮಿಷವನ್ನೇ.

ಅಳತೆ

ಸಿಮ್ಯುಲೇಟರ್ ಅಳೆಯುವಾಗ ಮೊದಲು ಬದಲಾಗುವ ಸಂಗತಿಗಳನ್ನು ಕಟ್ಟಿಹಾಕಬೇಕು. ಲೈವ್ ಹವಾಮಾನ, ಲೈವ್ ಟ್ರಾಫಿಕ್ ಎರಡನ್ನೂ ಆಫ್ ಮಾಡಿ. ಸಿದ್ಧ ಹವಾಮಾನಗಳಲ್ಲಿ ಮೋಡ ಚದುರಿರುವ ಒಂದನ್ನು ಆರಿಸಿಕೊಂಡು, ಸಮಯವನ್ನು ಮಧ್ಯಾಹ್ನಕ್ಕೆ ನಿಲ್ಲಿಸಿ, ಆಫ್‌ಲೈನ್ ಟ್ರಾಫಿಕ್ಕಿಗೆ ಒಂದು ಪ್ರಮಾಣ ಗೊತ್ತುಮಾಡಿ. ರನ್‌ವೇಯಿಂದ 8 ನಾಟಿಕಲ್ ಮೈಲಿ ದೂರದ ಹಾರಾಟವೊಂದನ್ನು ಸೇವ್ ಮಾಡಿಕೊಂಡು, 140 ನಾಟ್ ವೇಗದಲ್ಲಿ ಆಟೋಪೈಲಟ್‌ಗೆ ಬಿಟ್ಟರೆ ಸುಮಾರು ಮೂರೂವರೆ ನಿಮಿಷದ ಪರೀಕ್ಷೆ ಸಿಗುತ್ತದೆ. ಮೊದಲ ಸುತ್ತಿನಲ್ಲಿ ಭೂದೃಶ್ಯದ ದತ್ತಾಂಶ ಇಂಟರ್ನೆಟ್ಟಿನಿಂದ ಇಳಿದು ಅದರ ತಾತ್ಕಾಲಿಕ ಸಂಗ್ರಹವಾದ ಕ್ಯಾಶ್‌ ತುಂಬುತ್ತಿರುತ್ತದೆ, ಹಾಗಾಗಿ ಅದರ ಅಂಕಿ ಲೆಕ್ಕಕ್ಕಿಲ್ಲ. ಎರಡನೆಯ, ಮೂರನೆಯ ಸುತ್ತುಗಳನ್ನಷ್ಟೇ ಬರೆದಿಟ್ಟುಕೊಳ್ಳಿ.

ನೋಡಬೇಕಾದ್ದು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ, ಬರುತ್ತವೆ ಎಂಬ ಲೆಕ್ಕ) ಒಂದನ್ನೇ ಅಲ್ಲ. ಸೆಟ್ಟಿಂಗ್ಸ್‌ನಲ್ಲಿ ಡೆವಲಪರ್ ಮೋಡ್ ಹಾಕಿ, ಮೇಲೆ ಬರುವ ಮೆನುವಿನಿಂದ ಎಫ್‌ಪಿಎಸ್ ಫಲಕ ತೆರೆದರೆ ಒಂದು ಫ್ರೇಮಿಗೆ ಮೇನ್ ಥ್ರೆಡ್ (ಪ್ರೊಸೆಸರ್ ಮೇಲೆ ಓಡುವ ಮುಖ್ಯ ಕೆಲಸದ ಸಾಲು) ಎಷ್ಟು ಮಿಲಿಸೆಕೆಂಡ್ ತೆಗೆದುಕೊಂಡಿತು, ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಎಷ್ಟು ತೆಗೆದುಕೊಂಡಿತು, ಯಾರಿಂದ ತಡವಾಗುತ್ತಿದೆ ಎಂಬುದೆಲ್ಲ ಸಿಗುತ್ತದೆ. ಎಕ್ಸ್-ಪ್ಲೇನ್ 12 ಎಂಬ ಇನ್ನೊಂದು ಸಿಮ್ಯುಲೇಟರ್‌ನಲ್ಲೂ ಸಿಪಿಯು (ಪ್ರೊಸೆಸರ್) ಸಮಯ, ಜಿಪಿಯು ಸಮಯಗಳನ್ನು ಬೇರೆಬೇರೆಯಾಗಿ ಪರದೆ ಮೇಲೆ ತರಿಸಬಹುದು. ಸೆಕೆಂಡಿಗೆ 30 ಫ್ರೇಮ್ ಬೇಕಾದರೆ ಪ್ರತಿ ಫ್ರೇಮಿಗೆ ಸಿಗುವುದು 33.3 ಮಿಲಿಸೆಕೆಂಡ್, 60 ಬೇಕಾದರೆ 16.7. ಇಬ್ಬರಲ್ಲಿ ಯಾರು ನಿಧಾನವೋ ಅವರ ಸಮಯವೇ ಫ್ರೇಮಿನ ಸಮಯ.

ಸಿಕ್ಕ ಫಲಿತಾಂಶ: ಇಳಿಯುವಾಗ ಮೇನ್ ಥ್ರೆಡ್ 45 ಮಿಲಿಸೆಕೆಂಡ್, ಜಿಪಿಯು 19. ಅಂದರೆ 22 ಎಫ್‌ಪಿಎಸ್, ಕಾರ್ಡ್ ಅರ್ಧಕ್ಕಿಂತ ಹೆಚ್ಚು ಹೊತ್ತು ಸುಮ್ಮನೆ ಕಾಯುತ್ತಿದೆ. ಅದೇ ವಿಮಾನ 34,000 ಅಡಿಯಲ್ಲಿ ದಟ್ಟ ಮೋಡದ ನಡುವೆ ಹೋಗುವಾಗ ಚಿತ್ರ ತಿರುಗುಮುರುಗು: ಮೇನ್ ಥ್ರೆಡ್ 20, ಜಿಪಿಯು 27. ಅಲ್ಲಿ ಕಾರ್ಡೇ ನಿಧಾನ, ಆದರೆ 37 ಎಫ್‌ಪಿಎಸ್ ಬರುವುದರಿಂದ ಯಾರಿಗೂ ದೂರಿಲ್ಲ.

ಫಲಕ ಹೇಳಿದ್ದನ್ನು ಇನ್ನೊಂದು ದಾರಿಯಿಂದಲೂ ಖಚಿತಪಡಿಸಿಕೊಳ್ಳಬೇಕು. ರೆಂಡರ್ ಸ್ಕೇಲಿಂಗ್ 100ರಿಂದ 50ಕ್ಕೆ ಇಳಿಸಿದರೆ ಚಿತ್ರ 1280×720ಕ್ಕೆ ಕುಗ್ಗುತ್ತದೆ, ಜಿಪಿಯು ಬಿಡಿಸಬೇಕಾದ ಪಿಕ್ಸೆಲ್‌ಗಳು ಕಾಲುಭಾಗಕ್ಕೆ ಇಳಿಯುತ್ತವೆ. ಆಗಲೂ ಎಫ್‌ಪಿಎಸ್ 22ರಲ್ಲೇ ನಿಂತಿತು. ಸ್ಕೇಲಿಂಗನ್ನು ಮತ್ತೆ 100ಕ್ಕೆ ತಂದು, ಟೆರೇನ್ ಎಲ್‌ಒಡಿಯನ್ನು 200ರಿಂದ 100ಕ್ಕೆ ಇಳಿಸಿದರೆ 27ಕ್ಕೆ ಏರಿತು. ಎಲ್‌ಒಡಿ ಎಂದರೆ ಎಷ್ಟು ದೂರದವರೆಗೆ ನೆಲವನ್ನೂ ಕಟ್ಟಡಗಳನ್ನೂ ವಿವರವಾಗಿ ಇಟ್ಟುಕೊಳ್ಳಬೇಕು ಎಂಬ ಲೆಕ್ಕ. ಅದರ ಭಾರ ಬಹುಪಾಲು ಪ್ರೊಸೆಸರ್ ಮೇಲೆ. ಈ ಎರಡು ಪರೀಕ್ಷೆಗೆ ಹತ್ತು ನಿಮಿಷವೂ ಬೇಡ, ಖರ್ಚಂತೂ ಇಲ್ಲವೇ ಇಲ್ಲ. ಆದರೂ ಕಾರ್ಡ್ ಕೊಂಡಾದ ಮೇಲೆ ಮಾಡುವವರೇ ಹೆಚ್ಚು.

ಟಾಸ್ಕ್ ಮ್ಯಾನೇಜರ್ ಇಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನೂ ಹೇಳಬೇಕು. ಇಷ್ಟೆಲ್ಲ ತಡವರಿಸುತ್ತಿರುವಾಗಲೂ ಅದು ಪ್ರೊಸೆಸರ್ ಬಳಕೆ ಶೇ 40 ಎಂದೇ ತೋರಿಸಿತು. 3600ರಲ್ಲಿ 6 ಕೋರ್, 12 ಥ್ರೆಡ್. ಒಂದು ಥ್ರೆಡ್ ಪೂರ್ತಿ ಬಳಲಿ ಉಳಿದವು ಬಿಡುವಾಗಿದ್ದರೆ ಸರಾಸರಿ ಕಡಿಮೆಯೇ ಬರುತ್ತದೆ. ಪ್ರೊಸೆಸರ್‌ಗೆ ಬಿಡುವಿದೆ ಎಂದು ನಂಬುವವರು ನಂಬುವುದು ಈ ಸರಾಸರಿಯನ್ನು.

ಮೇನ್ ಥ್ರೆಡ್ ಏಕೆ ಬಳಲುತ್ತದೆ

ಸಿಮ್ಯುಲೇಟರ್‌ನ ಕೆಲಸವನ್ನೆಲ್ಲ ಕೋರ್‌ಗಳಿಗೆ ಸಮನಾಗಿ ಹಂಚಲು ಬರುವುದಿಲ್ಲ. ವಿಮಾನದ ಚಲನೆ, ಅದರ ವ್ಯವಸ್ಥೆಗಳು, ಸುತ್ತಲಿನ ಟ್ರಾಫಿಕ್, ಯಾವ ವಸ್ತುವನ್ನು ಈ ಫ್ರೇಮಿನಲ್ಲಿ ಬಿಡಿಸಬೇಕೆಂಬ ಆಯ್ಕೆ ಇವೆಲ್ಲ ಒಂದಕ್ಕೊಂದು ಕಾಯುತ್ತವೆ, ಹೆಚ್ಚಿನದು ಒಂದೇ ಥ್ರೆಡ್‌ನಲ್ಲಿ ಸಾಲುಗಟ್ಟುತ್ತದೆ. ಏರ್‌ಲೈನರ್‌ನ ಗ್ಲಾಸ್ ಕಾಕ್‌ಪಿಟ್ ಪರದೆಗಳು ಇನ್ನೊಂದು ಹೊರೆ. ಇಳಿಯುವ ಹೊತ್ತಿಗೆ ನಿಲ್ದಾಣದ ಕಟ್ಟಡಗಳು, ನಿಂತ ವಿಮಾನಗಳು, ಓಡಾಡುವ ವಾಹನಗಳು ಎಲ್ಲವೂ ಒಟ್ಟಿಗೆ ಕಣ್ಣೆದುರಿಗೆ ಬರುತ್ತವೆ. ಆ ದತ್ತಾಂಶ ಪ್ರೊಸೆಸರ್‌ನ ಕ್ಯಾಶ್‌ನಲ್ಲಿ (ಚಿಪ್ಪಿನೊಳಗಿನ ಪುಟ್ಟ, ಅತಿವೇಗದ ಮೆಮೊರಿ) ಹಿಡಿಸದಿದ್ದರೆ ಪ್ರತಿಸಲ ರ‍್ಯಾಮ್‌ವರೆಗೆ ಹೋಗಿ ತರಬೇಕು. ಆ ಹೋಗಿಬರುವ ಹೊತ್ತಿನಲ್ಲಿ ಕೋರ್ ಕೈಕಟ್ಟಿ ಕೂತಿರುತ್ತದೆ.

3600ರಲ್ಲಿ ಎಲ್3 ಕ್ಯಾಶ್ 32 ಎಂಬಿ ಎಂದು ಬರೆದಿದ್ದರೂ ಅದು 16 ಎಂಬಿಯ ಎರಡು ಹೋಳು. ಒಂದು ಕೋರ್‌ಗೆ ನೇರವಾಗಿ ಕೈಗೆಟಕುವುದು ತನ್ನ ಗುಂಪಿನ 16 ಎಂಬಿ ಮಾತ್ರ. ಅದೇ ಎಎಂ4 ಸಾಕೆಟ್ಟಿಗೆ (ಬೋರ್ಡಿನಲ್ಲಿ ಪ್ರೊಸೆಸರ್‌ಗೆ ಇರುವ ಜಾಗ) ಕೂರುವ ರೈಜೆನ್ 7 5700ಎಕ್ಸ್3ಡಿಯಲ್ಲಿ 8 ಕೋರ್‌ಗಳೂ 96 ಎಂಬಿಯ ಒಂದೇ ಕ್ಯಾಶ್ ಹಂಚಿಕೊಳ್ಳುತ್ತವೆ. ಗಡಿಯಾರದ ವೇಗ ನೋಡಿದರೆ 3600ರ ಗರಿಷ್ಠ 4.2 ಗಿಗಾಹರ್ಟ್ಸ್, 5700ಎಕ್ಸ್3ಡಿಯದು 4.1. ಗಿಗಾಹರ್ಟ್ಸ್ ಮಾತ್ರ ನೋಡಿ ಆರಿಸುವವರು ಇದನ್ನು ಹಿಂಬಡ್ತಿ ಎಂದೇ ಭಾವಿಸಿಯಾರು. ಸಿಮ್ಯುಲೇಟರ್‌ನಲ್ಲಿ ಗೆಲ್ಲುವುದು ಹೊಸ ಪೀಳಿಗೆಯ ಕೋರ್ ಮತ್ತು ದೊಡ್ಡ ಕ್ಯಾಶ್.

ತೂಗಿ ನೋಡಿದ ದಾರಿಗಳು

ಕಾರ್ಡ್ ಮಾತ್ರ ಬದಲಿಸುವುದು ಮೊದಲ ದಾರಿ. 19 ಮಿಲಿಸೆಕೆಂಡ್ 10 ಆಗಬಹುದು, ಆದರೆ ಫ್ರೇಮ್ 45ರಲ್ಲೇ ನಿಲ್ಲುತ್ತದೆ. ಕಡಿಮೆ ಪಿಕ್ಸೆಲ್‌ನಲ್ಲಿ ಬಿಡಿಸಿ ಹಿಗ್ಗಿಸುವ, ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಅಪ್‌ಸ್ಕೇಲಿಂಗ್ ಕೂಡ ಇದೇ ಕಾರಣಕ್ಕೆ ಇಲ್ಲಿ ವ್ಯರ್ಥ, ಅದು ತಗ್ಗಿಸುವುದು ಜಿಪಿಯು ಹೊರೆಯನ್ನು. ಪ್ರೊಸೆಸರ್ ನಿಧಾನವಿದ್ದರೂ ಪರದೆ ಮೇಲಿನ ಅಂಕಿ ಏರಿಸಬಲ್ಲದ್ದು ಫ್ರೇಮ್ ಜನರೇಷನ್ ಒಂದೇ; ಎನ್‌ವಿಡಿಯಾದ್ದು ಆರ್‌ಟಿಎಕ್ಸ್ 40 ಸರಣಿಯಿಂದ ಈಚಿನ ಕಾರ್ಡುಗಳಲ್ಲಿದೆ. ಎರಡು ನಿಜ ಫ್ರೇಮುಗಳ ನಡುವೆ ಊಹೆಯ ಫ್ರೇಮ್ ಸೇರಿಸುವುದು ಅದರ ಕೆಲಸ. ನಿಜ ಫ್ರೇಮ್ 22 ಇದ್ದಾಗ ಊಹೆಗೆ ಆಧಾರ ಸಾಲದು: ಎತ್ತರ ತೋರಿಸುವ ಅಂಕಿಗಳು ಕಲಸಿಹೋಗುತ್ತವೆ, ಯೋಕ್ ಎಳೆದದ್ದಕ್ಕೆ ಪ್ರತಿಕ್ರಿಯೆ ಮಾತ್ರ ಹಳೆಯ ನಿಧಾನದಲ್ಲೇ ಬರುತ್ತದೆ. ನಿಜ ಫ್ರೇಮ್ 35–40 ಮುಟ್ಟಿದ ಮೇಲೆ ಅದಕ್ಕೆ ಬೆಲೆ.

ಎರಡನೆಯದು ಪೂರ್ತಿ ಹೊಸ ವೇದಿಕೆ: ರೈಜೆನ್ 7 7800ಎಕ್ಸ್3ಡಿ ಅಥವಾ 2024ರ ನವೆಂಬರ್‌ನಲ್ಲಿ ಬಂದ 9800ಎಕ್ಸ್3ಡಿ, ಎಎಂ5 ಬೋರ್ಡ್, ಡಿಡಿಆರ್5 ರ‍್ಯಾಮ್. ಶುದ್ಧ ವೇಗದ ದೃಷ್ಟಿಯಿಂದ ಇದೇ ಮೇಲು, ಯಂತ್ರವನ್ನು ಸೊನ್ನೆಯಿಂದ ಕಟ್ಟುವವರಿಗೆ ಇದನ್ನೇ ಹೇಳಬೇಕು. ಈ ಪ್ರಕರಣದಲ್ಲಿ ಮೂರು ಭಾಗ ಒಟ್ಟಿಗೆ ಬದಲಿಸಿದರೆ ಮುಂದೆ ಕಾರ್ಡಿಗೆ ಹಣ ಉಳಿಯುವುದಿಲ್ಲ.

ಮೂರನೆಯದು ಇದ್ದ ಬೋರ್ಡಿನಲ್ಲೇ 5700ಎಕ್ಸ್3ಡಿ ಕೂರಿಸಿ, ರ‍್ಯಾಮ್ 32 ಜಿಬಿ ಮಾಡಿ, ಕಾರ್ಡನ್ನು ಮುಂದಕ್ಕೆ ಹಾಕುವುದು. ಆರಿಸಿದ್ದು ಇದನ್ನು. 5800ಎಕ್ಸ್3ಡಿ ಸಿಕ್ಕಿದರೆ ಅದೂ ಆದೀತು: ಕ್ಯಾಶ್ ಅಷ್ಟೇ, ಗರಿಷ್ಠ ವೇಗ 4.5 ಗಿಗಾಹರ್ಟ್ಸ್, ಬಿಸಿ ಸ್ವಲ್ಪ ಜಾಸ್ತಿ.

ರ‍್ಯಾಮ್ ಏಕೆ? ಇಳಿಯುವ ಹೊತ್ತಿಗೆ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಕಮಿಟೆಡ್ ಅಂಕಿ (ಪ್ರೋಗ್ರಾಂಗಳು ಕೇಳಿ ಪಡೆದ ಒಟ್ಟು ಮೆಮೊರಿ) 24 ಜಿಬಿ ದಾಟಿತ್ತು, ಇದ್ದ ರ‍್ಯಾಮ್ 16. ಉಳಿದದ್ದು ಎಸ್‌ಎಸ್‌ಡಿಯ ಪೇಜ್ ಫೈಲಿಗೆ (ರ‍್ಯಾಮ್ ಸಾಲದಾಗ ವಿಂಡೋಸ್ ಬಳಸುವ ಕಡತ) ಹೋಗಿ ಬರುತ್ತಿತ್ತು. ಸರಾಸರಿ ಎಫ್‌ಪಿಎಸ್‌ನಲ್ಲಿ ಇದು ಅಷ್ಟಾಗಿ ಕಾಣದು. ನೋಟ ತಿರುಗಿಸಿದಾಗ ಅರ್ಧ ಸೆಕೆಂಡ್ ಕಲ್ಲಾಗಿ ನಿಲ್ಲುವ ತಡವರಿಕೆಯಾಗಿ ಕಾಣುತ್ತದೆ. ಹಳೆಯ ಎರಡು ಕಡ್ಡಿಗಳ ಪಕ್ಕದಲ್ಲೇ ಇನ್ನೆರಡು 8 ಜಿಬಿ ಸಿಕ್ಕಿಸುವುದು ಅಗ್ಗದ ದಾರಿಯಾಗಿ ತೋರುತ್ತದೆ. ಬೇರೆ ಬೇರೆ ಕಿಟ್‌ನ ನಾಲ್ಕು ಕಡ್ಡಿಗಳು ಪೂರ್ಣ ವೇಗದಲ್ಲಿ ಸ್ಥಿರವಾಗಿ ನಿಲ್ಲುವ ಖಾತ್ರಿಯಿಲ್ಲ, ಅದಕ್ಕೆ 16 ಜಿಬಿಯ ಎರಡು ಕಡ್ಡಿಗಳ ಒಂದೇ ಕಿಟ್, ಡಿಡಿಆರ್4-3600 ವೇಗದ್ದು, ತೆಗೆದುಕೊಳ್ಳಲಾಯಿತು. ಆ ವೇಗದಲ್ಲಿ ಈ ಪೀಳಿಗೆಯ ರೈಜೆನ್‌ನ ಒಳಸಂಪರ್ಕ ಮೆಮೊರಿಯ ಜೊತೆ ಒಂದಕ್ಕೊಂದು ಅನುಪಾತದಲ್ಲಿ ಓಡುತ್ತದೆ. 4000ದ ಕಿಟ್ ಕೊಂಡರೆ ಹೆಚ್ಚಿನ ಯಂತ್ರಗಳಲ್ಲಿ ಆ ಅನುಪಾತ ತಪ್ಪಿ ಲಾಭ ಸೋರಿಹೋಗುತ್ತದೆ.

ಕೊಳ್ಳದೇ ಬಿಟ್ಟದ್ದು ಎನ್‌ವಿಎಂಇ ಡ್ರೈವ್. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಈ ಬೋರ್ಡಿನ ಎಂ.2 ಸ್ಲಾಟ್‌ನಲ್ಲಿ 3,500 ಸಿಗಬಹುದು, ಆದರೂ ಹಾರಾಟದ ನಡುವೆ ಎಫ್‌ಪಿಎಸ್‌ಗೆ ಅದರಿಂದ ಬರುವ ಲಾಭ ನಗಣ್ಯ. ಲೋಡಿಂಗ್ ಕೊಂಚ ಬೇಗ ಮುಗಿಯುತ್ತದೆ, ಅಷ್ಟೆ. ಸಿಮ್ಯುಲೇಟರ್ ಹಾರ್ಡ್ ಡಿಸ್ಕ್‌ನಲ್ಲಿದ್ದಿದ್ದರೆ ಮಾತೇ ಬೇರೆ.

ಜೋಡಣೆ, ಮತ್ತು ಎಲ್ಲೆಲ್ಲಿ ಎಡವುತ್ತದೆ

ಹಳೆಯ ಪ್ರೊಸೆಸರ್ ಇನ್ನೂ ಕೂತಿರುವಾಗಲೇ ಬಯೋಸ್ (ಯಂತ್ರ ಶುರುವಾಗುವಾಗ ಓಡುವ ಬೋರ್ಡಿನ ತಂತ್ರಾಂಶ) ಅಪ್‌ಡೇಟ್ ಆಗಬೇಕು. ಬೋರ್ಡ್ ತಯಾರಕರ ಸಿಪಿಯು ಬೆಂಬಲ ಪಟ್ಟಿಯಲ್ಲಿ 5700ಎಕ್ಸ್3ಡಿ ಎದುರಿಗೆ ಯಾವ ಬಯೋಸ್ ಆವೃತ್ತಿ ಬರೆದಿದೆಯೋ ಅದು, ಇಲ್ಲವೇ ಅದಕ್ಕಿಂತ ಹೊಸದು. ಹೊಸ ಚಿಪ್ ಕೂರಿಸಿದ ಮೇಲೆ ನೆನಪಾದರೆ ಯಂತ್ರ ಪರದೆಯನ್ನೇ ತೋರಿಸದೆ ಇರಬಹುದು, ಆಗ ಹಳೆಯದನ್ನು ಮತ್ತೆ ಕೂರಿಸಬೇಕು.

ಅದಕ್ಕೂ ಮೊದಲು ಡ್ರೈವನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಚಾಲೂ ಇದೆಯೇ ನೋಡಿ, ರಿಕವರಿ ಕೀಯನ್ನು ಬೇರೆಡೆ ಬರೆದಿಟ್ಟುಕೊಳ್ಳಿ. ಎಎಂಡಿ ಯಂತ್ರಗಳಲ್ಲಿ ಎಫ್‌ಟಿಪಿಎಂ, ಅಂದರೆ ಗೂಢಲಿಪಿಯ ಕೀಗಳನ್ನು ಕಾಯುವ ಭಾಗ, ಪ್ರೊಸೆಸರ್‌ಗೆ ಅಂಟಿಕೊಂಡಿರುತ್ತದೆ. ಚಿಪ್ ಬದಲಾದ ಕೂಡಲೇ ಅದನ್ನು ರೀಸೆಟ್ ಮಾಡಲೇ ಎಂದು ಬಯೋಸ್ ಕೇಳುತ್ತದೆ; ಹೌದೆಂದ ಮೇಲೆ ವಿಂಡೋಸ್ ಆ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಡ್ರೈವ್‌ನಲ್ಲಿದ್ದದ್ದು ಅಲ್ಲೇ ಉಳಿಯಿತು.

ಎಎಂ4 ಚಿಪ್ಪಿನ ಪಿನ್ನುಗಳಿರುವುದು ಚಿಪ್ಪಿನ ಅಡಿಯಲ್ಲೇ. ಒಣಗಿದ ಥರ್ಮಲ್ ಪೇಸ್ಟ್ ಕೂಲರ್‌ಗೆ ಬಿಗಿಯಾಗಿ ಅಂಟಿದ್ದಾಗ ನೇರ ಮೇಲಕ್ಕೆ ಎಳೆದರೆ ಲಿವರ್ ಹಾಕಿದ್ದರೂ ಚಿಪ್ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ನು ಬಾಗುತ್ತದೆ. ಹತ್ತು ನಿಮಿಷ ಯಂತ್ರವನ್ನು ಭಾರದಲ್ಲಿ ಓಡಿಸಿ ಪೇಸ್ಟ್ ಬೆಚ್ಚಗಾದ ಮೇಲೆ ಸ್ವಿಚ್ ಆರಿಸಿ, ಪ್ಲಗ್ ತೆಗೆದು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಅಂಟು ಬಿಡಿಸಿದ ನಂತರವೇ ಎತ್ತಬೇಕು.

ಕೂಲರ್ ಬಗ್ಗೆ ಒಂದು ಮಾತು. 3600ರ ಜೊತೆ ಬಂದ ವ್ರೈತ್ ಸ್ಟೆಲ್ತ್ 65 ವ್ಯಾಟ್‌ನ ಚಿಪ್ಪಿಗೆ ಮಾಡಿದ್ದು. 5700ಎಕ್ಸ್3ಡಿಯ ಟಿಡಿಪಿ (ಕೂಲರ್ ಹೊರಹಾಕಬೇಕಾದ ಶಾಖದ ಅಳತೆ) 105 ವ್ಯಾಟ್, ಮೇಲಾಗಿ ಕೋರ್‌ಗಳ ಮೇಲೆ ಕ್ಯಾಶ್ ಪದರ ಕೂತಿರುವುದರಿಂದ ಶಾಖ ಹೊರಬರುವುದು ತಡ. ಉಷ್ಣತೆಯ ಮಿತಿ 90 ಡಿಗ್ರಿ ಸೆಲ್ಸಿಯಸ್. ಅಲ್ಲಿಗೆ ಮುಟ್ಟಿದರೆ ಚಿಪ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. 120 ಮಿಮೀ ಫ್ಯಾನಿನ, ನಾಲ್ಕು ಹೀಟ್ ಪೈಪಿನ ಟವರ್ ಕೂಲರ್ ಸಾಕು. ನೀರಿನ ಕೂಲರ್ ಬೇಕಾಗಿಲ್ಲ.

ಮೊದಲ ಓಟದಲ್ಲಿ ಮೇನ್ ಥ್ರೆಡ್ 31 ಮಿಲಿಸೆಕೆಂಡ್‌ಗೆ ಇಳಿಯಿತು. ಬಳಕೆದಾರರಿಗೆ ಅಷ್ಟಕ್ಕೇ ತೃಪ್ತಿ. ಯಂತ್ರದ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶ ತೆರೆದು ಮೆಮೊರಿ ಪುಟ ನೋಡಿದರೆ ವೇಗ 1200 ಮೆಗಾಹರ್ಟ್ಸ್ ಎಂದಿತ್ತು. ಡಿಡಿಆರ್‌ನಲ್ಲಿ ತೋರಿದ್ದರ ಎರಡರಷ್ಟು ಲೆಕ್ಕ, ಅಂದರೆ 3600ರ ಕಿಟ್ 2400ರಲ್ಲಿ ಓಡುತ್ತಿದೆ. ಬಯೋಸ್ ಅಪ್‌ಡೇಟ್ ಹಳೆಯ ಸೆಟ್ಟಿಂಗುಗಳನ್ನೆಲ್ಲ ಅಳಿಸುತ್ತದೆ, ರ‍್ಯಾಮನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿಯೂ ಅದರಲ್ಲಿ ಸೇರಿದೆ. ಎಕ್ಸ್3ಡಿ ಚಿಪ್‌ಗಳು ದೊಡ್ಡ ಕ್ಯಾಶ್‌ನಿಂದಾಗಿ ನಿಧಾನದ ರ‍್ಯಾಮನ್ನು ಸಹಿಸಿಕೊಳ್ಳುವುದರಿಂದ ಈ ತಪ್ಪು ವರ್ಷಗಟ್ಟಲೆ ಕಣ್ಣಿಗೆ ಬೀಳದೆ ಉಳಿಯಬಹುದು. ಎಕ್ಸ್‌ಎಂಪಿ ಹಾಕಿದ ಮೇಲೆ ಮೇನ್ ಥ್ರೆಡ್ 27. ಕಡ್ಡಿಗಳು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ನಲ್ಲಿ ಇವೆಯೇ ಎಂಬುದನ್ನೂ ಇದೇ ಹೊತ್ತಿನಲ್ಲಿ ನೋಡಿಕೊಳ್ಳಬೇಕು.

ಬದಲಾದ ಮೇಲೆ

ಇಳಿಯುವಾಗ ಮೇನ್ ಥ್ರೆಡ್ 27, ಜಿಪಿಯು 20 ಮಿಲಿಸೆಕೆಂಡ್: 37 ಎಫ್‌ಪಿಎಸ್. 60 ಹರ್ಟ್ಸ್‌ನ ಮಾನಿಟರ್‌ನಲ್ಲಿ 37 ಎಂಬುದು ಅಡ್ಡಾದಿಡ್ಡಿ ಅಂಕಿ, ಕೆಲವು ಫ್ರೇಮ್ ಒಂದು ರಿಫ್ರೆಶ್ ನಿಲ್ಲುತ್ತದೆ, ಕೆಲವು ಎರಡು. ಫ್ರೇಮನ್ನು ಮಾನಿಟರ್‌ನ ರಿಫ್ರೆಶ್‌ಗೆ ಹೊಂದಿಸುವ ವಿ-ಸಿಂಕ್ ಹಾಕಿ ಮಿತಿಯನ್ನು ರಿಫ್ರೆಶ್ ದರದ ಅರ್ಧಕ್ಕೆ, ಅಂದರೆ 30ಕ್ಕೆ ಕಟ್ಟಿದರೆ ಪ್ರತಿ ಫ್ರೇಮೂ ಎರಡೇ ರಿಫ್ರೆಶ್ ನಿಲ್ಲುತ್ತದೆ, ಸಂಖ್ಯೆ ಕಡಿಮೆಯಾದರೂ ಕಣ್ಣಿಗೆ ನುಣುಪು. ಫ್ರೇಮ್ ಬಂದಂತೆ ರಿಫ್ರೆಶ್ ದರ ಬದಲಿಸಿಕೊಳ್ಳುವ ಫ್ರೀಸಿಂಕ್ ಅಥವಾ ಜಿ-ಸಿಂಕ್ ಇರುವ ಮಾನಿಟರ್ ಆಗಿದ್ದರೆ ಈ ಕಟ್ಟು ಬೇಕಿರಲಿಲ್ಲ. ಉಳಿದ ಬಿಡುವನ್ನು ಟೆರೇನ್ ಎಲ್‌ಒಡಿ ಏರಿಸಲು ಬಳಸಬಾರದು. ಮಳೆ, ರಾತ್ರಿಯ ದೀಪಗಳು, ಲೈವ್ ಟ್ರಾಫಿಕ್ ಬಂದಾಗ 33ಕ್ಕೂ 27ಕ್ಕೂ ನಡುವಿನ ಆ 6 ಮಿಲಿಸೆಕೆಂಡ್ ಬೇಕಾಗುತ್ತದೆ.

ಆದರೂ ಒಂದು ದೂರು ಉಳಿಯಿತು: ಕೆಲವೊಮ್ಮೆ ಒಂದೆರಡು ಸೆಕೆಂಡ್ ಎಲ್ಲ ನಿಂತುಹೋಗಿ ಥ್ರಾಟಲ್ ತಾನಾಗಿ ಜಿಗಿಯುತ್ತದೆ. ಇದಕ್ಕೂ ಪ್ರೊಸೆಸರ್‌ಗೂ ಸಂಬಂಧವಿಲ್ಲ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್, ಅಡಾಪ್ಟರ್ ಇಲ್ಲದ ಹಬ್ ಅದನ್ನೇ ಮೂವರಿಗೆ ಹಂಚುತ್ತದೆ. ದೀಪಗಳಿರುವ ಥ್ರಾಟಲ್ ಜಾಸ್ತಿ ಎಳೆದಾಗ ಸಾಧನ ಕಡಿದು ಮತ್ತೆ ಜೋಡಣೆಯಾಗುತ್ತದೆ. ಯೋಕನ್ನೂ ಥ್ರಾಟಲನ್ನೂ ಮದರ್‌ಬೋರ್ಡಿನ ಹಿಂಬದಿಯ ಪೋರ್ಟುಗಳಿಗೆ ಹಾಕಿ, ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿದಾಗ ಆ ತೊಂದರೆ ನಿಂತಿತು.

ಮುಂದಿನ ಕಾರ್ಡ್

2024ರ ಆವೃತ್ತಿಯಲ್ಲಿ 8 ಜಿಬಿ ವಿಡಿಯೊ ಮೆಮೊರಿ ಬೇಗ ತುಂಬುತ್ತದೆ. ಅದರ ಗುರುತು ಸ್ಪಷ್ಟ: ಹಾರಾಟ ಚೆನ್ನಾಗಿ ಶುರುವಾಗಿ, ಗಂಟೆಯ ನಂತರ ಕಾಕ್‌ಪಿಟ್ ಒಳಗೆ ನೋಟ ಹೊರಳಿಸಿದ ಕೂಡಲೇ ಎಫ್‌ಪಿಎಸ್ ಒಂದಂಕಿಗೆ ಕುಸಿದು ಮೇಲೇಳುವುದೇ ಇಲ್ಲ. ತುಂಬಿ ಹೊರಚೆಲ್ಲಿದ ಟೆಕ್ಸ್ಚರ್‌ಗಳು ಮುಖ್ಯ ರ‍್ಯಾಮ್‌ಗೆ ಹೋಗಿ, ಕಾರ್ಡನ್ನು ಬೋರ್ಡಿಗೆ ಜೋಡಿಸುವ ಪಿಸಿಐಇ ದಾರಿಯಲ್ಲಿ ಓಡಾಡತೊಡಗುತ್ತವೆ. ಸದ್ಯಕ್ಕೆ ಮದ್ದು ಟೆಕ್ಸ್ಚರ್ ರೆಸಲ್ಯೂಶನ್ ಒಂದು ಮೆಟ್ಟಿಲು ಇಳಿಸುವುದು.

ಕೊಳ್ಳುವಾಗ ಈ ಬೋರ್ಡಿನಲ್ಲಿ ಇನ್ನೊಂದು ಎಚ್ಚರ ಬೇಕು. ಬಿ450 ಪಿಸಿಐಇ 3.0ರದು. ಆರ್‌ಟಿಎಕ್ಸ್ 4060, 4060 ಟಿಐ, ಆರ್‌ಎಕ್ಸ್ 7600 ಕಾರ್ಡುಗಳು ಆ ದಾರಿಯ 16ರ ಬದಲು 8 ಲೇನ್ (ಸಮಾನಾಂತರ ಸಾಲು) ಮಾತ್ರ ಬಳಸುತ್ತವೆ. ಹಳೆಯ ಬೋರ್ಡಿನಲ್ಲಿ ಮೆಮೊರಿ ತುಂಬಿ ಚೆಲ್ಲಿದಾಗ ಇರುವ ದಾರಿಯೂ ಅರ್ಧ ಕಿರಿದು. ಈ ಯಂತ್ರಕ್ಕೆ 16 ಲೇನ್‌ನ, ಕನಿಷ್ಠ 12 ಜಿಬಿಯ ಕಾರ್ಡ್ ಬೇಕು. 12 ಜಿಬಿಯ ಆರ್‌ಟಿಎಕ್ಸ್ 4070 ಸೂಪರ್ 220 ವ್ಯಾಟ್ ಎಳೆಯುತ್ತದೆ, ತಯಾರಕರು ಹೇಳುವ ಪವರ್ ಸಪ್ಲೈ 650 ವ್ಯಾಟ್. 16 ಜಿಬಿಯ ಆರ್‌ಎಕ್ಸ್ 7800 ಎಕ್ಸ್‌ಟಿ 263 ವ್ಯಾಟ್, ಸಪ್ಲೈ 700. 1440 ರೆಸಲ್ಯೂಶನ್‌ನಲ್ಲಿ ಎರಡೂ ಸಾಕು. ಮೆಮೊರಿ ಮುಖ್ಯವೆಂದರೆ ಎರಡನೆಯದು, ಡಿಎಲ್‌ಎಸ್‌ಎಸ್ ಫ್ರೇಮ್ ಜನರೇಷನ್ ಬೇಕೆಂದರೆ ಮೊದಲನೆಯದು. 37 ನಿಜ ಫ್ರೇಮ್ ಇರುವುದರಿಂದ ಈಗ ಅದು ಕೆಲಸಕ್ಕೆ ಬರುತ್ತದೆ. ವಿಆರ್ ಕನ್ನಡಕ ಹಾಕುವ ಯೋಚನೆ ಇದ್ದರೆ ಲೆಕ್ಕ ಪೂರ್ತಿ ಬದಲಾಗುತ್ತದೆ, ಎರಡು ಕಣ್ಣಿಗೆ ಎರಡು ಚಿತ್ರ ಬಿಡಿಸಬೇಕಾದ್ದರಿಂದ 16 ಜಿಬಿಗೆ ಕಡಿಮೆ ನೋಡಬಾರದು.

ಯಾವುದನ್ನು ಆರಿಸಿದರೂ 550 ವ್ಯಾಟ್‌ನ ಹಳೆಯ ಸಪ್ಲೈ ಮೊದಲು ಹೋಗಬೇಕು, 750 ವ್ಯಾಟ್‌ನದು ಬರಬೇಕು. ಹೊಸ ಸಪ್ಲೈ ಜೊತೆ ಅದರದೇ ಕೇಬಲ್ ಬಳಸಿ. ಮಾಡ್ಯುಲರ್ ಸಪ್ಲೈಗಳಲ್ಲಿ ಸಪ್ಲೈ ಕಡೆಯ ತುದಿಯ ಪಿನ್ ಜೋಡಣೆಗೆ ಒಂದೇ ನಿಯಮವಿಲ್ಲ, ಹಳೆಯ ಕೇಬಲ್ ಸರಿಯಾಗಿ ಕೂತರೂ ಕಾರ್ಡನ್ನೇ ಸುಡಬಹುದು. ಒಂದು 8 ಪಿನ್ ಕನೆಕ್ಟರ್‌ನ ಮಿತಿ 150 ವ್ಯಾಟ್, ಸ್ಲಾಟ್‌ನಿಂದ ಸಿಗುವುದು 75. ಹಾಗಾಗಿ ಎರಡು 8 ಪಿನ್ ಬೇಡುವ ಕಾರ್ಡಿಗೆ ಕವಲೊಡೆದ ಒಂದೇ ಕೇಬಲ್ ಬೇಡ, ಸಪ್ಲೈಯಿಂದ ಬೇರೆ ಬೇರೆ ಎರಡು ಕೇಬಲ್ ಎಳೆಯಿರಿ.